ಜಗತ್ತಿಗೆಲ್ಲ ಒಂದೇ ಸರ್ಕಾರ: ಬೇಕಾ, ಬೇಡ್ವಾ?

ಪರ: ಹೇಳೋರು ಕೇಳೋರು ಇರಬೇಕು

1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ನರಮೇಧ ಶುರುವಾದಾಗ ವಿಶ್ವಸಂಸ್ಥೆಯ ಶಾಂತಿಪಡೆ ಅಲ್ಲೇ ಇತ್ತು. ಸುಮಾರು 2,500 ಸೈನಿಕರು. ಇನ್ನಷ್ಟು ಜನರನ್ನು ಕಳಿಸಿ ಅಂತ ಅದರ ಕಮಾಂಡರ್ ರೋಮಿಯೊ ಡಲೇರ್ ಗೋಗರೆದರು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಸಭೆ ಸೇರಿ, ಇದ್ದ ಪಡೆಯನ್ನೇ 270 ಜನಕ್ಕೆ ಇಳಿಸುವ ತೀರ್ಮಾನ ಮಾಡಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಕೊಲೆಯಾದರು. ಎಷ್ಟೋ ಕಡೆ ಮಚ್ಚು ಹಿಡಿದು ಬಂದವರು ಅಕ್ಕಪಕ್ಕದವರೇ.

ಕೆಲವು ಅಧಿಕಾರಿಗಳ ಮೇಲೆ ತಪ್ಪು ಹೊರಿಸಿ ಸುಮ್ನೆ ಇದ್ದುಬಿಡಬಹುದು. ಆದರೆ ರೋಗದ ಬೇರು ಇನ್ನೂ ಕೆಳಗಿದೆ. ವಿಶ್ವಸಂಸ್ಥೆಗೆ ಸ್ವಂತ ಸೈನ್ಯ ಇಲ್ಲ. ತೆರಿಗೆ ಹಾಕುವ ಅಧಿಕಾರ ಇಲ್ಲ. ದೇಶಗಳು ಕೊಟ್ಟರೆ ಸೈನಿಕರು, ಕೊಟ್ಟರೆ ದುಡ್ಡು. ತನ್ನ ಹತ್ತು ಸೈನಿಕರು ಸತ್ತ ಕೂಡಲೇ ಬೆಲ್ಜಿಯಂ ಉಳಿದವರನ್ನು ವಾಪಸ್ ಕರೆಸಿಕೊಂಡಿತು. ಬೇಡ, ನಿಲ್ಲಿ ಅನ್ನುವ ಅಧಿಕಾರ ಯಾರಿಗೂ ಇರಲಿಲ್ಲ.

ಇನ್ನು ವೀಟೊ, ಅಂದರೆ ಒಂದೇ ದೇಶ ಬೇಡ ಅಂದರೂ ಭದ್ರತಾ ಮಂಡಳಿಯ ನಿರ್ಣಯ ಬಿದ್ದುಹೋಗುವ ಹಕ್ಕು. 193 ದೇಶಗಳ ಸಂಸ್ಥೆಯಲ್ಲಿ ಐದು ದೇಶಗಳಿಗೆ ಮಾತ್ರ ಆ ಹಕ್ಕು. 2022ರ ಫೆಬ್ರವರಿಯಲ್ಲಿ ಉಕ್ರೇನಿಗೆ ನುಗ್ಗಿದ ರಷ್ಯಾವನ್ನು ಖಂಡಿಸುವ ನಿರ್ಣಯ ಬಂತು. ವೀಟೊ ಹಾಕಿದ್ದು ರಷ್ಯಾ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದೂ ರಷ್ಯಾ. ಆರೋಪಿಯೇ ತೀರ್ಪು ಬರೆಯುವ ಕೋರ್ಟನ್ನು ನಾವು ನಮ್ಮ ನಮ್ಮ ದೇಶದೊಳಗೆ ಒಪ್ಪುತ್ತೇವಾ?

ಹವಾಮಾನದ್ದೂ ಇದೇ ಕತೆ. 2015ರ ಪ್ಯಾರಿಸ್ ಒಪ್ಪಂದದಿಂದ ಅಮೆರಿಕ 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರಲ್ಲಿ ಮತ್ತೆ ಹೊರಡುತ್ತೇನೆ ಅಂತ ಘೋಷಿಸಿತು. ಅಣುಬಾಂಬ್ ಅಂತೂ ಒಂಬತ್ತು ದೇಶಗಳ ಕೈಯಲ್ಲಿದೆ. ಬಾಂಬನ್ನು ಕಂಡು ಬೆಚ್ಚಿದ ಐನ್‌ಸ್ಟೈನ್ ವಿಶ್ವ ಸರ್ಕಾರ ಬೇಕೇ ಬೇಕು ಅಂತ ವಾದಿಸಿದರು. ಅವರ ಮಾತನ್ನು ಕನಸುಗಾರನ ಮಾತು ಅಂತ ತಳ್ಳಿಹಾಕಿದವರು ಬೇರೆ ದಾರಿ ಏನನ್ನೂ ತೋರಿಸಲಿಲ್ಲ.

ಇದೆಲ್ಲ ಆಗೋ ಮಾತಲ್ಲ ಅನ್ನೋರು ಯುರೋಪನ್ನು ನೋಡಲಿ. 1870ರಿಂದ 1940ರೊಳಗೆ ಫ್ರಾನ್ಸ್ ಮತ್ತು ಜರ್ಮನಿ ಮೂರು ಸಲ ಯುದ್ಧಕ್ಕಿಳಿದವು. 1951ರಲ್ಲಿ ಆ ಎರಡೂ ಸೇರಿ ಆರು ದೇಶಗಳು ತಮ್ಮ ಕಲ್ಲಿದ್ದಲು, ಉಕ್ಕಿನ ಉದ್ಯಮವನ್ನು ಒಂದೇ ಮಂಡಳಿಯ ಕೈಕೆಳಗೆ ತರಲು ಸಹಿ ಹಾಕಿದವು. ಫಿರಂಗಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಎರಡರ ಲೆಕ್ಕವೂ ಎಲ್ಲರ ಕಣ್ಣ ಮುಂದಿದ್ದರೆ ಕದ್ದುಮುಚ್ಚಿ ಯುದ್ಧಕ್ಕೆ ತಯಾರಾಗೋದು ಹೇಗೆ? ಆ ಎರಡು ದೇಶಗಳು ಆಮೇಲೆ ಹೊಡೆದಾಡಿಲ್ಲ.

ಭಾಷೆ, ಶಾಲೆ, ಮದುವೆಯ ಕಾನೂನು ಆಯಾ ದೇಶಕ್ಕೇ ಇರಲಿ. ಸೈನ್ಯ, ಅಣುಬಾಂಬ್, ಸಮುದ್ರ, ಹವಾಮಾನ ಇಷ್ಟನ್ನು ಮೇಲಿನವರಿಗೆ ಕೊಡೋಣ. ಓಟು ಹಾಕಿ ಆರಿಸಿದವರಿಗೆ, ಓಟು ಹಾಕಿ ಇಳಿಸಬಹುದಾದವರಿಗೆ.

ವಿರೋಧ: ಬೇಡ ಅನ್ನೋಕೆ ಇನ್ನೊಬ್ಬರು ಇರಬೇಕು

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಅನ್ನುವ ನಿದ್ದೆ ಮಾತ್ರೆ ಮಾರಾಟಕ್ಕೆ ಬಂತು. ಏನೂ ಅಪಾಯ ಇಲ್ಲ ಅಂತ ಜಾಹೀರಾತು. ವಾಂತಿ, ಸಂಕಟಕ್ಕೆ ಅಂತ ಬಸುರಿಯರೂ ತಗೊಂಡರು. ಒಂದಾದ ಮೇಲೊಂದು ದೇಶ ಅದಕ್ಕೆ ಒಪ್ಪಿಗೆ ಕೊಟ್ಟಿತು. 1960ರಲ್ಲಿ ಅಮೆರಿಕದ ಔಷಧ ಇಲಾಖೆಗೂ ಅರ್ಜಿ ಬಂತು. ಫೈಲು ಹೋಗಿದ್ದು ಫ್ರಾನ್ಸೆಸ್ ಕೆಲ್ಸಿ ಅನ್ನುವ ಅಧಿಕಾರಿಯ ಮೇಜಿಗೆ. ಅವರು ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಕೊಟ್ಟ ದಾಖಲೆ ಸಾಲದು ಅಂದರು. ಕಂಪನಿ ಮತ್ತೆ ಮತ್ತೆ ಒತ್ತಡ ಹಾಕಿತು. ಈ ಮಾತ್ರೆ ನುಂಗಿದವರ ನರಗಳಿಗೆ ಪೆಟ್ಟು ಬೀಳುತ್ತಿದೆ ಅಂತ ಬ್ರಿಟನ್ನಿನ ವೈದ್ಯರೊಬ್ಬರು ಬರೆದಿದ್ದನ್ನು ಕೆಲ್ಸಿ ಓದಿದರು. ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನಾಗುತ್ತದೆ ಅಂತ ಕೇಳಿದರು. ಉತ್ತರ ಬರಲಿಲ್ಲ, ಅವರು ಸಹಿ ಹಾಕಲಿಲ್ಲ.

1961ರ ಕೊನೆಗೆ ಸತ್ಯ ಹೊರಬಿತ್ತು. ಜಗತ್ತಿನಲ್ಲಿ 10,000ಕ್ಕೂ ಜಾಸ್ತಿ ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ಅಮೆರಿಕದಲ್ಲಿ ಆ ಮಾತ್ರೆ ಮಾರಾಟಕ್ಕೆ ಬರಲೇ ಇಲ್ಲ. ಪರೀಕ್ಷೆಯ ಹೆಸರಲ್ಲಿ ಹಂಚಿದ್ದರಿಂದ ಅಲ್ಲೂ ಕೆಲವು ಮಕ್ಕಳು ನರಳಿದರು, ನಿಜ. ಆದರೆ ಇಡೀ ಜಗತ್ತಿಗೆ ಒಂದೇ ಔಷಧ ಇಲಾಖೆ ಇದ್ದು, ಮೊದಲನೆಯ ಒಪ್ಪಿಗೆಯೇ ಎಲ್ಲರ ಒಪ್ಪಿಗೆ ಆಗಿದ್ದರೆ? ಒಬ್ಬ ಕೆಲ್ಸಿ ಸಾಕಾದದ್ದು ಅವರು ಬೇರೆ ಸರ್ಕಾರದ ನೌಕರರಾಗಿದ್ದರಿಂದ. ಇಲಾಖೆ ಒಂದೇ ಆದರೆ ತಪ್ಪೂ ಎಲ್ಲ ಕಡೆ ಒಂದೇ ದಿನ ಆಗುತ್ತದೆ. ನನ್ನ ಭಯ ಇರೋದು ಇಲ್ಲೇ.

ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ ತಳಿವಿಜ್ಞಾನವನ್ನೇ ಸುಳ್ಳು ಅಂದರು. ಬೀಜಗಳನ್ನು ಹುಡುಕಿಕೊಂಡು ಜಗತ್ತು ಸುತ್ತಿದ ತಳಿವಿಜ್ಞಾನಿ ವಾವಿಲೋವ್ 1943ರಲ್ಲಿ ಜೈಲಿನಲ್ಲಿ ಸತ್ತರು. ಆ ವಿಜ್ಞಾನ ಉಳಿದುಕೊಂಡಿದ್ದು ಸ್ಟಾಲಿನ್ನನ ಆಜ್ಞೆ ನಡೆಯದ ದೇಶಗಳಲ್ಲಿ.

ಐನ್‌ಸ್ಟೈನ್ ಹೆಸರು ಬಂತಲ್ಲ. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ಅವರು ಜರ್ಮನಿಯ ಹೊರಗಿದ್ದರು, ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಹಿಟ್ಲರನ ಮಾತು ನಡೆಯದ ಇನ್ನೊಂದು ದೇಶ ಇತ್ತು, ಬದುಕಿದರು. ಎಲ್ಲರಿಗೂ ಆ ಬಾಗಿಲು ತೆರೆಯಲಿಲ್ಲ. 1939ರಲ್ಲಿ 900ಕ್ಕೂ ಜಾಸ್ತಿ ಯಹೂದಿಗಳನ್ನು ಹೊತ್ತು ಬಂದ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ, ಅಮೆರಿಕ ಎರಡೂ ವಾಪಸ್ ಕಳಿಸಿದವು. ಅದು ಕ್ಷಮಿಸುವ ತಪ್ಪಲ್ಲ. ಆದರೆ ಬಾಗಿಲು ಮುಚ್ಚಿದ್ದರೆ ತಟ್ಟಿ ತೆರೆಸಬಹುದು. ಬಾಗಿಲೇ ಇಲ್ಲದ ಕಡೆ ಏನು ಮಾಡೋದು?

ರುವಾಂಡಾವನ್ನು ಪರದವರು ತಮ್ಮ ಸಾಕ್ಷಿ ಅಂತ ತರುತ್ತಾರೆ. ಅಲ್ಲಿ ಪಟ್ಟಿ ಹಿಡಿದು ಕೊಲ್ಲಿಸಿದ್ದು ಆ ದೇಶದ ಸರ್ಕಾರವೇ. ಅದನ್ನು ನಿಲ್ಲಿಸಿದ್ದು ಯಾರು? ನರಮೇಧಕ್ಕೆ ಗುರಿಯಾದ ಟುಟ್ಸಿ ಸಮುದಾಯದಿಂದ ಹಿಂದೆ ಉಗಾಂಡಾಕ್ಕೆ ಓಡಿಹೋಗಿದ್ದ ನಿರಾಶ್ರಿತರು ಮತ್ತು ಅವರ ಮಕ್ಕಳು ಕಟ್ಟಿದ ಪಡೆ. ಆ ಪಡೆಯ ಕೈಗೂ ರಕ್ತ ಅಂಟಿದೆ. ಆದರೂ ಗಡಿಯಾಚೆ ನೆಲೆ ಸಿಗದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಯುರೋಪಿನ ಮಾತು ಒಪ್ಪುತ್ತೇನೆ, ಅಲ್ಲಿನ ದೇಶಗಳು ಒಪ್ಪಿ ಸೇರಿದವು. ಬೇಡ ಅನಿಸಿದಾಗ ಬ್ರಿಟನ್ 2020ರಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಗೆ ನಡೆಯಿತು. ವಿಶ್ವ ಸರ್ಕಾರದಿಂದ ಹೊರಗೆ ನಡೆಯೋದು ಎಲ್ಲಿಗೆ? ಇನ್ನು ಓಟು ಹಾಕಿ ಇಳಿಸುವ ಮಾತು. 800 ಕೋಟಿ ಜನಕ್ಕೆ 800 ಸದಸ್ಯರ ಸಂಸತ್ತು ಅಂದರೂ ಒಬ್ಬ ಸದಸ್ಯನಿಗೆ ಒಂದು ಕೋಟಿ ಜನ. ಸಣ್ಣ ದ್ವೀಪದವರ ದನಿ ಅಲ್ಲಿ ಯಾರಿಗೆ ಕೇಳುತ್ತದೆ?

ಕೈಕಟ್ಟಿ ಕೂರೋಣ ಅಂತ ನಾನು ಹೇಳುತ್ತಿಲ್ಲ. ಸಿಡುಬು 1980ರ ಹೊತ್ತಿಗೆ ಭೂಮಿಯಿಂದ ಹೋಯಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಶೀತಲ ಸಮರದ ನಡುವೆಯೇ ಅದಕ್ಕೆ ಕೈಜೋಡಿಸಿದ್ದವು. ಓಝೋನ್ ಪದರ ಉಳಿಸೋಕೆ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ಇವತ್ತು ಜಗತ್ತಿನ ಎಲ್ಲ ದೇಶಗಳೂ ಸೇರಿವೆ. ಸೇರದವರ ಜೊತೆ ಓಝೋನ್ ಹಾಳುಮಾಡುವ ರಾಸಾಯನಿಕಗಳ ವ್ಯಾಪಾರ ಬಂದ್ ಅಂತ ಒಪ್ಪಂದದಲ್ಲೇ ಬರೆದಿದ್ದರು. ಬಡ ದೇಶಗಳು ಹೊಸ ಯಂತ್ರ ಕೊಳ್ಳೋಕೆ ಶ್ರೀಮಂತ ದೇಶಗಳ ದುಡ್ಡಿನಿಂದ ಒಂದು ನಿಧಿ ಮಾಡಿದರು. ಕಾರ್ಬನ್ ವಿಷಯದಲ್ಲೂ ಇಷ್ಟು ಮಾಡಲಿ: ಸೇರದವರಿಗೆ ವ್ಯಾಪಾರದಲ್ಲಿ ನಷ್ಟ, ಸೇರಿದ ಬಡವರಿಗೆ ದುಡ್ಡು.