ಜಿಂಕ್ ಡಬ್ಬಿ ಪಕ್ಕದಲ್ಲೇ ಸಿಗರೇಟ್ ಪ್ಯಾಕು

ಮೊನ್ನೆ ಗೆಳೆಯನ ಮೇಜಿನ ಮೇಲೆ ಸಿಗರೇಟ್ ಪ್ಯಾಕು, ಅದಕ್ಕೆ ಒರಗಿಕೊಂಡಂತೆ ಜಿಂಕ್ ಮಾತ್ರೆಯ ಡಬ್ಬಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿಲ್ಲ, ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ ಕಡಿಮೆ ಬಂದಿದೆ. "ಸಿಗರೇಟಲ್ಲಿ ಕ್ಯಾಡ್ಮಿಯಂ ಇರುತ್ತಂತೆ, ಅದಕ್ಕೆ ಜಿಂಕೇ ಮದ್ದಂತೆ. ಲೆಕ್ಕ ಸರಿಹೋಯ್ತಲ್ಲ" ಅಂದ. ನಗು ಬಂತು, ತಡೆದುಕೊಂಡೆ. ಅವನು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು.

ಜಿಂಕ್ ಅಂದರೆ ನಮ್ಮ ಸತು. ಅದೂ ಕ್ಯಾಡ್ಮಿಯಂ ಅನ್ನೋ ವಿಷಲೋಹವೂ ಒಂದೇ ಕುಲದವು. ಆವರ್ತ ಕೋಷ್ಟಕದಲ್ಲಿ ಸತುವಿನ ಕೆಳಗಿನ ಮನೆಯೇ ಕ್ಯಾಡ್ಮಿಯಂನದು. 1817ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಸ್ಟ್ರೋಮೆಯರ್‌ಗೆ ಅದು ಮೊದಲು ಸಿಕ್ಕಿದ್ದು ಕೂಡ ಸತುವಿನ ಕಾರ್ಬೊನೇಟಿನೊಳಗೆ. ದೇಹಕ್ಕೆ ಸತು ಬೇಕೇ ಬೇಕು, ವೀರ್ಯಾಣು ತಯಾರಾಗುವ ಜಾಗದಲ್ಲಂತೂ ಇನ್ನೂ ಹೆಚ್ಚು. ಕ್ಯಾಡ್ಮಿಯಂನಿಂದ ನಮಗೆ ಮೂರು ಕಾಸಿನ ಉಪಯೋಗವಿಲ್ಲ. ಆದರೆ ಮುಖ ಸತುವಿನಂತೆಯೇ ಇರೋದರಿಂದ ಅದಕ್ಕೂ ಜೀವಕೋಶದ ಬಾಗಿಲು ತೆರೆದುಕೊಳ್ಳುತ್ತೆ.

1950ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಪಾರೀಜೆಕ್ ಎಂಬ ವಿಜ್ಞಾನಿ ಇಲಿಗಳ ಚರ್ಮದಡಿಗೆ ಕ್ಯಾಡ್ಮಿಯಂ ಲವಣ ಚುಚ್ಚಿದ. ಒಂದೇ ಚುಚ್ಚು. ಕೆಲವೇ ಗಂಟೆಗಳಲ್ಲಿ ವೃಷಣ ರಕ್ತ ಕಟ್ಟಿ ಕಪ್ಪಿಟ್ಟಿತು, ಒಂದೆರಡು ದಿನದಲ್ಲಿ ಅಂಗಾಂಶ ಸತ್ತುಹೋಯಿತು. ಅದೇ ಕ್ಯಾಡ್ಮಿಯಂ ಜೊತೆ ದೊಡ್ಡ ಪ್ರಮಾಣದಲ್ಲಿ ಸತು ಕೊಟ್ಟಾಗ ವೃಷಣ ಉಳಿಯಿತು! 1957ರಲ್ಲಿ ಅವನು ಪ್ರಕಟಿಸಿದ ಈ ಫಲಿತಾಂಶವೇ ಇವತ್ತಿನ ಜಿಂಕ್ ಮಾತಿಗೆಲ್ಲ ಮೂಲ. ವಿಚಿತ್ರ ನೋಡಿ, ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹಿಡಿದಿಟ್ಟುಕೊಳ್ಳುವ ಪ್ರೋಟೀನು ಸಿಕ್ಕಿದ್ದೂ ಅದೇ ವರ್ಷ. ಆಮೇಲೆ ಅದಕ್ಕೆ ಮೆಟಾಲೋಥಯೋನೀನ್ ಅಂತ ಹೆಸರಾಯಿತು. ಸತು ಸಿಕ್ಕರೆ ಜೀವಕೋಶ ಈ ಪ್ರೋಟೀನನ್ನು ಹೆಚ್ಚು ತಯಾರಿಸುತ್ತೆ, ಆಮೇಲೆ ಬಂದ ಕ್ಯಾಡ್ಮಿಯಂ ಅದರ ಬಲೆಗೆ ಬೀಳುತ್ತೆ.

ವೃಷಣಕ್ಕೇ ಯಾಕೆ ಈ ಪಾಡು? ಇಲಿಗಳಲ್ಲಿ ಮೊದಲು ಹಾಳಾಗೋದು ಅಲ್ಲಿನ ಸಣ್ಣ ರಕ್ತನಾಳಗಳ ಒಳಪದರ. ಕೆಲವು ತಳಿಯ ಸಣ್ಣಿಲಿಗಳಿಗೆ ಮಾತ್ರ ಅಷ್ಟೇ ಕ್ಯಾಡ್ಮಿಯಂ ಏನೂ ಮಾಡುತ್ತಿರಲಿಲ್ಲ, ಕಾರಣ ದಶಕಗಳ ಕಾಲ ಒಗಟಾಗಿತ್ತು. ಬಿಡಿಸಿಕೊಂಡಿದ್ದು 2005ರಲ್ಲಿ: ಸತು, ಮ್ಯಾಂಗನೀಸ್ ಒಳಗೆ ಸಾಗಿಸುವ ಜಿಪ್8 ಅನ್ನೋ ಪ್ರೋಟೀನೇ ಕ್ಯಾಡ್ಮಿಯಂಗೂ ದಾರಿ ಬಿಡುತ್ತೆ, ಆ ತಳಿಗಳ ವೃಷಣದ ರಕ್ತನಾಳಗಳಲ್ಲಿ ಆ ದಾರಿಯೇ ಇಲ್ಲ.

ಗೆಳೆಯ ಎಡವಿದ್ದು ಇನ್ನರ್ಧದಲ್ಲಿ. ಪಾರೀಜೆಕ್‌ನ ಇಲಿಗೆ ಸತು ಸಿಕ್ಕಿದ್ದು ಕ್ಯಾಡ್ಮಿಯಂ ಜೊತೆಜೊತೆಗೆ. ಇವನಿಗೆ ಹದಿನೈದು ವರ್ಷದ ಹೊಗೆ ಮೊದಲು, ಸತು ಆಮೇಲೆ. ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ತಳವೂರುತ್ತೆ, ಅರ್ಧ ಖಾಲಿಯಾಗೋಕೇ 10ರಿಂದ 30 ವರ್ಷ ಬೇಕು. ಒಂದೇ ಚುಚ್ಚಿಗೆ ಸಿಕ್ಕಿದ ಇಲಿಗೂ ದಿನಾ ಚೂರುಚೂರು ಎಳೆದುಕೊಳ್ಳುವ ಮನುಷ್ಯನಿಗೂ ಒಂದೇ ಲೆಕ್ಕ ಹಾಕೋದು ನನಗೆ ಒಪ್ಪಿಗೆಯಿಲ್ಲ.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯೂ ಅವನ ಪರ ಇಲ್ಲ. ಬಂಜೆತನದ ಚಿಕಿತ್ಸೆಗೆ ಬಂದ 2,370 ಜೋಡಿಗಳಲ್ಲಿ ಒಂದು ಗುಂಪಿನ ಗಂಡಸರಿಗೆ ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಸತು, 5 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರು, ಇನ್ನೊಂದು ಗುಂಪಿಗೆ ಖಾಲಿ ಮಾತ್ರೆ. 2020ರಲ್ಲಿ ಫಲಿತಾಂಶ ಬಂತು: ವೀರ್ಯದ ಸಂಖ್ಯೆ, ಚಲನೆ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ. ಹೆಚ್ಚಾಗಿದ್ದು ಹೊಟ್ಟೆ ತೊಂದರೆ. ಇದು ಕ್ಯಾಡ್ಮಿಯಂ ಬಗ್ಗೆ ಮಾಡಿದ ಪರೀಕ್ಷೆ ಅಲ್ಲ, ನಿಜ. ದೇಹದಲ್ಲಿ ಸತುವಿನ ಕೊರತೆಯೇ ಇದ್ದರೆ ಅದನ್ನು ತುಂಬಿಸಲೇಬೇಕು, ಅದೂ ನಿಜ. ಆದರೆ ಕೊರತೆ ಇದೆಯೋ ಇಲ್ಲವೋ ನೋಡದೆ ನುಂಗೋದನ್ನು ನಾನು ಚಿಕಿತ್ಸೆ ಅಂತ ಕರೆಯಲಾರೆ.

ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದೆ. ಒಂದು ಮಾತ್ರೆಗೆ 50 ಮಿಲಿಗ್ರಾಂ. ವಯಸ್ಕರಿಗೆ ದಿನದ ಮೇಲ್ಮಿತಿಯೇ 40, ಗಂಡಸಿಗೆ ಬೇಕಾಗಿದ್ದು ಸುಮಾರು 11. ಅತಿಯಾದ ಸತು ತಿಂಗಳುಗಟ್ಟಲೆ ಹೋದರೆ ತಾಮ್ರ ಹೀರಿಕೊಳ್ಳೋದಕ್ಕೇ ಅಡ್ಡಿ, ಅದರಿಂದ ರಕ್ತಹೀನತೆ, ನರದ ತೊಂದರೆ ಶುರು. ಇವನಿಗೆ ಮಾತ್ರೆ ಬರೆದುಕೊಟ್ಟ ವೈದ್ಯರು ಯಾರು ಅಂತ ಕೇಳಿದರೆ, ವಾಟ್ಸಾಪು.

"ಹಾಗಾದ್ರೆ ಎರಡನ್ನೂ ಬಿಸಾಕ್ಲಾ?" ಅಂದ ಮುಖ ಸಣ್ಣ ಮಾಡಿಕೊಂಡು. ಮಾತ್ರೆ ವಿಷಯ ವೈದ್ಯರನ್ನು ಕೇಳು, ಪ್ಯಾಕಿನ ವಿಷಯಕ್ಕೆ ಯಾರನ್ನೂ ಕೇಳಬೇಕಿಲ್ಲ ಅಂದೆ. ವೀರ್ಯಾಣು ಒಂದು ಸುತ್ತು ತಯಾರಾಗೋಕೆ ಸುಮಾರು 74 ದಿನ. ಕ್ಯಾಲೆಂಡರ್ ತೆಗೆದು ಎಣಿಸಿ ಮುಂದಿನ ಪರೀಕ್ಷೆಗೆ ದಿನ ಗೊತ್ತು ಮಾಡಿದೆವು. ಪ್ಯಾಕಲ್ಲಿ ಇನ್ನೂ ಆರು ಉಳಿದಿದ್ದವು. ಅವು ಮುಗಿದ ಮೇಲೆ ಎಣಿಸೋಣ್ವಾ ಅಂತ ಚೌಕಾಸಿಗೆ ಇಳಿದ.