ಡೆಟ್ರಾಯ್ಟ್‌ನ ಸ್ಕ್ಯಾನರ್ ದಾವಣಗೆರೆಗೆ ಒಗ್ಗುವುದಿಲ್ಲ

"ಮಾವ, ಅಲ್ಲಿ ಅಂಗಡೀಲಿ ಸಲೀಸಾಗಿ ಸಿಗುತ್ತಂತೆ, ಬರುವಾಗ ಒಂದು ಸ್ಕ್ಯಾನರ್ ತಂದುಬಿಡಿ." ಸ್ಕ್ಯಾನರ್ ಅಂದರೆ ಪೊಲೀಸ್, ಹ್ಯಾಮ್ ಮುಂತಾದ ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿಸುವ ರೇಡಿಯೊ. ಡೆಟ್ರಾಯ್ಟ್ ಕಡೆ ನೆಲೆಸಿರುವ ನಮ್ಮಂಥವರಿಗೆ ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಹುಡುಗರಿಂದ ಬರುವ ಬೇಡಿಕೆ ಇದು. ಆಸೆ ಒಳ್ಳೆಯದೇ. ಆದರೂ ನನ್ನ ಅಭಿಪ್ರಾಯ ಖಚಿತ: ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇಲ್ಲದವರಿಗೆ ತಂದುಕೊಡಬಾರದು, ಇದ್ದವರಿಗೂ ಮಾಡೆಲ್ ನೋಡದೆ ತರಬಾರದು.

ಅಮೆರಿಕದಲ್ಲಿ ಸ್ಕ್ಯಾನರ್ ಕೊಳ್ಳಲು ಲೈಸೆನ್ಸ್ ಬೇಡ. ಹಾಗಂತ ಅಂಕೆಯೇ ಇಲ್ಲ ಅಂತಲ್ಲ. 824ರಿಂದ 849 ಮತ್ತು 869ರಿಂದ 894 ಮೆಗಾಹರ್ಟ್ಸ್‌ವರೆಗಿನ ಮೊಬೈಲ್ ಬ್ಯಾಂಡ್ ಹಿಡಿಯುವ ಸ್ಕ್ಯಾನರನ್ನು 1994ರಿಂದ ಅಲ್ಲಿ ತಯಾರಿಸುವಂತಿಲ್ಲ, ಹೊರದೇಶದಿಂದ ತರಿಸುವಂತಿಲ್ಲ. ಆ ಬ್ಯಾಂಡ್ ತೆರೆದಿರುವ ಐಕಾಮ್ ಐಸಿ-ಆರ್6 ಥರದ ಸ್ಕ್ಯಾನರ್ ಹೊರದೇಶದ ಅಂಗಡಿಯಲ್ಲಿ ಸಿಕ್ಕರೂ ಅಮೆರಿಕದ ಗಡಿ ದಾಟಿಸಿದರೆ ತಪ್ಪು. ಹಳೆಯ ಅನಲಾಗ್ ಮೊಬೈಲ್ ಜಾಲವನ್ನು ನಡೆಸಲೇಬೇಕೆಂಬ ಕಡ್ಡಾಯ 2008ರ ಫೆಬ್ರುವರಿಗೆ ಮುಗಿದಿದೆ. ಈಗಿನ ಫೋನ್ ಮಾತು ಗೂಢಲಿಪಿಯಲ್ಲಿ ಹೋಗುವುದರಿಂದ ಆ ಬ್ಯಾಂಡ್‌ನಲ್ಲಿ ಬರೀ ಗರಗರ ಸದ್ದು. 'ಅನ್‌ಬ್ಲಾಕ್ಡ್' (ಆ ಬ್ಯಾಂಡ್ ತೆರೆದದ್ದು) ಎಂದು ಹೆಚ್ಚು ಬೆಲೆ ಹೇಳಿದರೆ ಕೊಡಬೇಡಿ.

ಕೊಂಡ ಮೇಲೂ ನಿಯಮಗಳಿವೆ. ನ್ಯೂಯಾರ್ಕ್, ಫ್ಲಾರಿಡಾ, ಕೆಂಟಕಿಯಂಥ ರಾಜ್ಯಗಳು ವಾಹನದಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ಕಡಿವಾಣ ಹಾಕಿವೆ. ಡೆಟ್ರಾಯ್ಟ್ ನದಿಯಾಚೆಯ ವಿಂಡ್ಸರ್‌ಗೆ ಹೋದರೆ ಕೆನಡಾದ ಕಾನೂನು: ಕೇಳಿಸಿಕೊಂಡದ್ದನ್ನು ಬೇರೆಯವರಿಗೆ ತಿಳಿಸುವುದು, ಅದರಿಂದ ಲಾಭ ಮಾಡಿಕೊಳ್ಳುವುದು ತಪ್ಪು. ಎರಡೂ ಕಡೆ ಕಾನೂನಿನ ಕಣ್ಣು ಹೆಚ್ಚಾಗಿ ಬಳಕೆಯ ಮೇಲೆ.

ನಮ್ಮ ದೇಶದ ಪದ್ಧತಿ ಬೇರೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಉಪಕರಣ ಕೈಯಲ್ಲಿರುವುದೇ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಹೊಂದಲು ಅನುಮತಿ ಬೇಕೆಂಬ ನೀತಿಯನ್ನೇ ಮುಂದುವರಿಸಿದೆ. ಬೇರೆಯವರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ ಈ ಹೊಸ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಇದು ಬರೀ ಕೇಳುತ್ತೆ, ಮಾತಾಡಲ್ಲ" ಎಂಬ ವಾದ ನಿಲ್ಲುವುದಿಲ್ಲ, ಯಾಕೆಂದರೆ 1933ರ ಕಾಯ್ದೆಯ ವ್ಯಾಖ್ಯೆಯಲ್ಲಿ ಸಿಗ್ನಲ್ ಹಿಡಿಯುವುದೂ ಸೇರಿದೆ. ಚಿತ್ರದುರ್ಗದವರಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಆ ಸುತ್ತಿನಲ್ಲಿ ಕಾಗದಪತ್ರ ಇಲ್ಲದ ಸ್ಕ್ಯಾನರ್, ಆಂಟೆನಾ ಹಿಡಿದು ಓಡಾಡುವುದು ಹುಡುಗಾಟದ ವಿಷಯವಲ್ಲ.

ಕಾನೂನು ಬಿಟ್ಟು ಯಂತ್ರಕ್ಕೆ ಬರೋಣ, ದುಡ್ಡು ಹಾಳಾಗುವುದು ಇಲ್ಲೇ. ಯೂನಿಡೆನ್ ಎಸ್‌ಡಿಎಸ್100 ಥರದ ದುಬಾರಿ ಮಾಡೆಲ್‌ಗಳ ಮುಖ್ಯ ಅನುಕೂಲ ಒಳಗಿರುವ ಡೇಟಾಬೇಸ್. ಅಮೆರಿಕದ ಜಿಪ್ ಕೋಡ್ ಇಲ್ಲವೇ ಕೆನಡಾದ ಪೋಸ್ಟಲ್ ಕೋಡ್ ಹಾಕಿದರೆ ಆ ಊರಿನ ಚಾನೆಲ್‌ಗಳೆಲ್ಲ ತಾವಾಗಿಯೇ ಬರುತ್ತವೆ. 577001 ಹಾಕಿದರೆ ದಾವಣಗೆರೆಯದ್ದು ಬರುವುದಿಲ್ಲ. ಅಲ್ಲಿನ ಪೊಲೀಸರ ಪಿ25 ಡಿಜಿಟಲ್ ಜಾಲ ಬಿಡಿಸುವ ಸರ್ಕ್ಯೂಟ್‌ಗಾಗಿ ಕೊಟ್ಟ ನೂರಾರು ಡಾಲರ್ ನಮ್ಮೂರಲ್ಲಿ ವ್ಯರ್ಥ. ಹವಾಮಾನದ ಬಟನ್ ಹುಡುಕುವ 162.400ರಿಂದ 162.550 ಮೆಗಾಹರ್ಟ್ಸ್‌ನ 7 ಚಾನೆಲ್‌ಗಳೂ ಉತ್ತರ ಅಮೆರಿಕದವು. ಹ್ಯಾಮ್ ಸರ್ಚ್ ಒತ್ತಿದರೆ ಅಲ್ಲಿನ 144ರಿಂದ 148ರವರೆಗೆ ಓಡುತ್ತದೆ. ಭಾರತದ ಹ್ಯಾಮ್‌ಗಳಿಗೆ ಇರುವುದು 144ರಿಂದ 146 ಮತ್ತು 434ರಿಂದ 438, ಅದನ್ನು ಕೈಯಾರೆ ತುಂಬಬೇಕು.

ಚಾರ್ಜರ್ ಕೂಡ ನೋಡಿ. ಹಳೆ ಸ್ಕ್ಯಾನರ್‌ಗಳ ಜೊತೆ ಬರುವ ಭಾರದ ಅಡಾಪ್ಟರ್ 120 ವೋಲ್ಟ್‌ನದು, ಬೆಸ್ಕಾಂನ 230 ವೋಲ್ಟ್‌ಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಯುಎಸ್‌ಬಿಯಿಂದ ಚಾರ್ಜ್ ಆಗುವ, ಎರಡು ಎಎ ಸೆಲ್ ಹಾಕುವ ಯೂನಿಡೆನ್ ಬಿಸಿ125ಎಟಿ ಮಾಡೆಲ್‌ನಂಥದ್ದಾದರೆ ಆ ಕಷ್ಟವಿಲ್ಲ. ಆದರೆ ಸಾಮಾನ್ಯ ಆಲ್ಕಲೈನ್ ಸೆಲ್ ಒಳಗಿಟ್ಟು ಚಾರ್ಜ್‌ಗೆ ಹಾಕಬೇಡಿ, ಸೋರಿ ಸ್ಪ್ರಿಂಗ್‌ಗಳು ಕಿಲುಬು ಹಿಡಿಯುತ್ತವೆ.

ಹಾಗಾದರೆ ಹುಡುಗರಿಗೆ ದಾರಿ ಏನು? ಮೊದಲು ಹ್ಯಾಮ್ ಪರೀಕ್ಷೆ. 12 ವರ್ಷ ತುಂಬಿದವರು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ. ಈ ಓದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಪಾಠಕ್ಕೂ ಬಲ ಕೊಡುತ್ತದೆ. ಲೈಸೆನ್ಸ್ ಬಂದ ಮೇಲೂ ನಾನು ಹೇಳುವುದು ಸ್ಕ್ಯಾನರ್ ಅಲ್ಲ, ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ, ಏಕಕಾಲಕ್ಕೆ 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಪರದೆ ಮೇಲೆ ತೋರಿಸುತ್ತದೆ. ಸಿಗ್ನಲ್ ಹೇಗಿರುತ್ತದೆಂದು ಕಣ್ಣಿಗೇ ಕಾಣುವ ಪಾಠ ಸಾಮಾನ್ಯ ಸ್ಕ್ಯಾನರ್‌ನಲ್ಲಿ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಮೊದಲು ಝಾಡಿಗ್ ಎಂಬ ತಂತ್ರಾಂಶ ನಡೆಸಿ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಟಿವಿ ಟ್ಯೂನರ್ ಎಂದುಕೊಳ್ಳುತ್ತದೆ.

ಚಿತ್ರದುರ್ಗದಲ್ಲಿ ಇದಕ್ಕೆ ಒಂದು ತೊಡಕಿದೆ. ಆಕಾಶವಾಣಿಯ ಎಫ್‌ಎಂ 102.6 ಹತ್ತಿರದಲ್ಲೇ ಜೋರಾಗಿ ಬರುವುದರಿಂದ ಡಾಂಗಲ್ ತುಂಬಿಹೋಗಿ, ಹಾಡು ಇರಬಾರದ ಕಡೆಯೆಲ್ಲ ಕೇಳಿಸುತ್ತದೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಷ್ಟೂ ಕೆಡುತ್ತದೆ. ಗೇನ್ ಇಳಿಸಿ, ಸಾಲದಿದ್ದರೆ 88ರಿಂದ 108 ತಡೆಯುವ ಫಿಲ್ಟರನ್ನು ಆಂಟೆನಾ ಮತ್ತು ಡಾಂಗಲ್ ನಡುವೆ ಹಾಕಿ. ಎಲ್‌ಇಡಿ ಬಲ್ಬ್, ಇನ್ವರ್ಟರ್‌ಗಳ ಸದ್ದು ಪತ್ತೆಮಾಡಲು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ಮನೆಯ ಮೇನ್ ಸ್ವಿಚ್ ಆರಿಸಿ ನೋಡುವುದು ಸುಲಭದ ಉಪಾಯ.

ಆಂಟೆನಾ ಮನೆಯಲ್ಲೇ ಮಾಡಬಹುದು. 145 ಮೆಗಾಹರ್ಟ್ಸ್‌ಗೆ ವೈರಿಂಗ್‌ನ ತಾಮ್ರದ ತಂತಿ 49 ಸೆಂಟಿಮೀಟರ್ ನೆಟ್ಟಗೆ, 52 ಸೆಂಟಿಮೀಟರಿನ ನಾಲ್ಕು ತಂತಿ ಕೆಳಗೆ 45 ಡಿಗ್ರಿ ಓರೆಯಾಗಿ, ನಡುವೆ ಎಸ್‌ಒ-239 ಸಾಕೆಟ್. ಕೇಳುವುದಕ್ಕೆ ಡಿಶ್ ಅಂಗಡಿಯ ಆರ್‌ಜಿ-6 ಕೇಬಲ್ ಸಾಕು. ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹಾಯುವಾಗ 145.800ರಲ್ಲಿ ಅಲ್ಲಿಂದ ಪ್ರಸಾರವಿದ್ದರೆ ಇಷ್ಟರಲ್ಲೇ ಸಿಗುತ್ತದೆ. ನಿಲ್ದಾಣದ ವೇಗದಿಂದಾಗುವ ಡಾಪ್ಲರ್ ಪರಿಣಾಮದಿಂದ ಫ್ರೀಕ್ವೆನ್ಸಿ ಅದು ಹತ್ತಿರ ಬರುವಾಗ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿಯುತ್ತದೆ.

ಇಷ್ಟಾದರೂ ಹೊರಗಿಂದ ತರಲೇಬೇಕಾದ ಲೈಸೆನ್ಸ್‌ದಾರರು ಆಮದು ಅನುಮತಿಯನ್ನು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯಿಂದ ಮೊದಲೇ ಪಡೆಯಲಿ. ಬಿಲ್ಲು, ಲೈಸೆನ್ಸ್ ಪ್ರತಿ, ಫ್ರೀಕ್ವೆನ್ಸಿ ವ್ಯಾಪ್ತಿ ಇರುವ ಮ್ಯಾನ್ಯುಯಲ್ ಪುಟ ಕೈಚೀಲದಲ್ಲಿರಲಿ. ಬಿಡಿ ಲಿಥಿಯಂ ಬ್ಯಾಟರಿಯೂ ಅಲ್ಲೇ ಇರಬೇಕು. ಇಳಿದ ಮೇಲೆ ರೆಡ್ ಚಾನೆಲ್‌ಗೆ ಹೋಗಿ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಘೋಷಿಸಿ. ಅಧಿಕಾರಿಗಳು ಒಳಗೆ ಬಿಡದಿದ್ದರೆ 80ನೇ ಸೆಕ್ಷನ್ ಅಡಿ ತಡೆದಿಟ್ಟು, ನೀವು ವಾಪಸ್ ಹೊರಡುವಾಗ ಕೊಡುವಂತೆ ಕೋರಿ ರಸೀದಿ ಪಡೆಯಬಹುದು. ಘೋಷಿಸದೆ ಗ್ರೀನ್ ಚಾನೆಲ್‌ನಲ್ಲಿ ಸಿಕ್ಕಿಬಿದ್ದವರಿಗೆ ಆ ಅವಕಾಶ ಇಲ್ಲ.