ಹಸಿರು ಬೋರ್ಡ್ ಸೋರುವ ತಾರಸಿಗೆ ಮದ್ದಲ್ಲ

ಸ್ನಾನದ ಮನೆಗೂ ಸೋರುವ ತಾರಸಿಯ ಕೆಳಗೂ ಹಸಿರು ಬಣ್ಣದ ಜಿಪ್ಸಮ್ ಬೋರ್ಡ್ ಹಾಕಿಸಿದರೆ ನೀರಿನ ಚಿಂತೆಯೇ ಇಲ್ಲ ಎಂದು ಫಾಲ್ಸ್ ಸೀಲಿಂಗ್ (ಸ್ಲ್ಯಾಬಿನ ಕೆಳಗೆ ತೂಗುಬಿಡುವ ಇನ್ನೊಂದು ಚಾವಣಿ) ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದರಲ್ಲಿ ಮೊದಲರ್ಧವನ್ನು ಒಪ್ಪಬಹುದು, ಉಳಿದರ್ಧವನ್ನು ಖಂಡಿತ ಒಪ್ಪಲಾಗದು. ಆ ಬೋರ್ಡಿನ ತಿರುಳಿಗೆ ಸಿಲಿಕೋನ್‌ನಂಥ ನೀರು ತಡೆಯುವ ವಸ್ತುವನ್ನು ಬೆರೆಸಿರುವುದರಿಂದ ಅದು ಗಾಳಿಯ ತೇವವನ್ನೂ ಆಗೀಗ ಸಿಡಿಯುವ ಹನಿಗಳನ್ನೂ ತಾಳಿಕೊಳ್ಳುತ್ತದೆಯೇ ಹೊರತು ಮೇಲಿನಿಂದ ದಿನಗಟ್ಟಲೆ ಜಿನುಗುವ ನೀರನ್ನಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರು, ಉಡುಪಿಯ ಕಡೆ ಈ ಸಲಹೆಯನ್ನು ನಂಬಿದರೆ ಸ್ಲ್ಯಾಬಿನ ಬಿರುಕು ಬೋರ್ಡಿನ ಹಿಂದೆ ಮರೆಯಾಗಿಬಿಡುತ್ತದೆ; ಕೆಳಗೆ ಕಲೆ ಮೂಡುವಷ್ಟರಲ್ಲಿ ಬೋರ್ಡಿನ ಕಾಗದದ ಹೊದಿಕೆಗೆ ಬೂಷ್ಟು ಬಂದು, ಸ್ಲ್ಯಾಬಿನೊಳಗಿನ ಕಬ್ಬಿಣವೂ ತುಕ್ಕು ಹಿಡಿಯಲು ತೊಡಗಿರಬಹುದು. ಮೊದಲು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದು ಮಳೆಗಾಲ ಕಾದು ನೋಡಿ, ಆಮೇಲೆ ಫಾಲ್ಸ್ ಸೀಲಿಂಗಿಗೆ ಕೈಹಾಕುವುದು ಕ್ರಮ. (ಗುತ್ತಿಗೆದಾರರು ಇದನ್ನು ತಾವಾಗಿ ಹೇಳುವುದು ಅಪರೂಪ.)

ಫ್ಯಾನಿನ ವಿಷಯವನ್ನು ಲೇಖನ ಮುಟ್ಟಿಯೇ ಇಲ್ಲ. 12.5 ಮಿ.ಮೀ. ದಪ್ಪದ ಬೋರ್ಡಾಗಲಿ ಅದನ್ನು ಹಿಡಿದಿರುವ ತೆಳು ತಗಡಿನ ಚೌಕಟ್ಟಾಗಲಿ ತಿರುಗುವ ಫ್ಯಾನಿನ ಭಾರ ಹೊರಲೆಂದು ಮಾಡಿದವಲ್ಲವಾದ್ದರಿಂದ, ಉದ್ದನೆಯ ರಾಡ್ ಬಳಸಿ ಫ್ಯಾನನ್ನು ಸ್ಲ್ಯಾಬಿನ ಕೊಂಡಿಗೇ ತೂಗುಹಾಕಬೇಕು. ರಾಡ್ ಹಾಯುವ ರಂಧ್ರವನ್ನು ತುಸು ದೊಡ್ಡದಾಗಿ ಬಿಡದಿದ್ದರೆ ಫ್ಯಾನಿನ ಅದುರು ಸೀಲಿಂಗಿಗೂ ದಾಟಿ ಬೋರ್ಡುಗಳ ಜೋಡಣೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ, ಆಗ ಎಷ್ಟು ಸಲ ಟೇಪ್ ಅಂಟಿಸಿ ಪುಟ್ಟಿ ಬಳಿದರೂ ಅದು ಮತ್ತೆ ಬಾಯಿಬಿಡುತ್ತದೆ.